ಅಕ್ಕನ ಪಾಲಿನ ಹಲಸು

ಹಲಸಿನ ಹಣ್ಣನ್ನು ಮನೆಯೊಳಗೆ ಬಚ್ಚಿಡಲು ಸಾಧ್ಯವಿಲ್ಲ. ಬಂಗಾರವನ್ನು ಬೀರುವಿನಲ್ಲಿ, ಸಿಟ್ಟನ್ನು ಮುಗುಳ್ನಗೆಯಲ್ಲಿ, ಬೊಕ್ಕತಲೆಯನ್ನು ನನ್ನ ಹಾಗೆ ಕಿವಿಯ ಪಕ್ಕದಿಂದ ಎಳೆದು ತಂದ ನಾಲ್ಕು ಕೂದಲಿನ ಕೆಳಗೆ ಹೇಗೋ ಮರೆಮಾಚಬಹುದು. ಆದರೆ ಗೋಣಿಚೀಲ ಸುತ್ತಿ, ಮೇಲೊಂದು ಹಳೆಯ ಕಂಬಳಿ ಹೊದಿಸಿ, ರಾಗಿ ಮೂಟೆಗಳ ಕೋಣೆಯ ಮೂಲೆಯಲ್ಲಿ ಕೂರಿಸಿದ ಹಲಸು ತಾನು ಹಣ್ಣಾದ ಸಮಾಚಾರವನ್ನು ಬೀದಿಯ ಕೊನೆಯ ಮನೆಯವರೆಗೆ ತಾನೇ ಸಾರಿಕೊಂಡು ಬರುತ್ತದೆ. ನೀವು ಮಕ್ಕಳಿರುವ ಮನೆಯವರಾಗಿದ್ದರೆ ಇದನ್ನು ನಾನು ಹೇಳಬೇಕಾಗಿಯೇ ಇಲ್ಲ. ಪರೀಕ್ಷೆ ಮುಗಿಸಿ ಬಿಸಿಲಿಗೆ ಬಿದ್ದ ಮಕ್ಕಳ ಮೂಗು ಪೊಲೀಸು ನಾಯಿಯ ಮೂಗಿಗಿಂತ ಒಂದು ಕೈ ಮೇಲು.

ನಮ್ಮೂರು ದೊಡ್ಡಬಳ್ಳಾಪುರದಿಂದ ಆಚೆಗೆ, ಮಾಕಳಿದುರ್ಗದ ಬೆಟ್ಟ ಅಂಗಳದಿಂದಲೇ ಕಾಣುವಷ್ಟು ಹತ್ತಿರ. ಭಾನುವಾರಗಳಲ್ಲಿ ಬೆನ್ನಿಗೆ ಚೀಲ ಬಿಗಿದುಕೊಂಡು ಬೆಂಗಳೂರಿನಿಂದ ಬರುವ ಹುಡುಗರು ನಮ್ಮ ಜಗಲಿಯ ಮುಂದೆ ನಿಂತು ಬೆಟ್ಟಕ್ಕೆ ದಾರಿ ಕೇಳುತ್ತಾರೆ. ಬಾಲ್ಯದಲ್ಲೊಮ್ಮೆ ಅರ್ಧ ಹತ್ತಿ ಅಳುತ್ತಾ ಇಳಿದು ಬಂದಿದ್ದ ನಾನು ಪರ್ವತಾರೋಹಿಯ ಗಾಂಭೀರ್ಯದಿಂದ ದಾರಿ ಹೇಳುತ್ತೇನೆ. ಮಿಕ್ಕ ದಿನಗಳಲ್ಲಿ ಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವುದು ನನ್ನ ಉದ್ಯೋಗ. ಮನೆಯಲ್ಲಿ ಅಮ್ಮ, ಹೆಂಡತಿ ಲತಾ, ಎರಡನೇ ಕ್ಲಾಸು ಮುಗಿಸಿದ ಮಗ ಚಿರು, ಮತ್ತು ಹಿತ್ತಲಲ್ಲಿ, ಕೊಟ್ಟಿಗೆಯ ಗೋಡೆಗೆ ಒರಗಿಕೊಂಡಂತೆ, ನಮ್ಮೆಲ್ಲರಿಗಿಂತ ಹಿರಿಯದಾದ ಒಂದು ಹಲಸಿನ ಮರ.

ಆ ಮರಕ್ಕೊಂದು ಕಟ್ಟಳೆಯುಂಟು. ವರ್ಷದ ಮೊದಲ ಹಣ್ಣನ್ನು ಮನೆಮಗಳು ಗಂಡನ ಮನೆಯಿಂದ ಬರುವ ತನಕ ಹೆಚ್ಚುವಂತಿಲ್ಲ. ಅವಳು ಮೊದಲ ತೊಳೆ ಬಾಯಿಗಿಟ್ಟ ಮೇಲೆಯೇ ಮಿಕ್ಕವರಿಗೆ. ಅಪ್ಪ ಇದ್ದಾಗ ಇದನ್ನು ಸಂವಿಧಾನದ ವಿಧಿಯ ಹಾಗೆ ಪಾಲಿಸುತ್ತಿದ್ದರು. ಅಕ್ಕನನ್ನು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ ಕಡೆಗೆ ಕೊಟ್ಟಿತ್ತು. ಪ್ರತಿ ಬೇಸಗೆ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದವಳು, ಚೀಲವನ್ನು ನಡುಮನೆಯಲ್ಲಿ ಬಿಸಾಡಿ, ಕುಡಿಯಲು ನೀರು ಕೂಡ ಕೇಳದೆ ನೇರವಾಗಿ ಮೂಟೆಗಳ ಕೋಣೆಗೆ ಹೋಗಿ, ಹಣ್ಣಿನ ಮೇಲೆ ಬೆರಳು ಮಡಿಚಿ ತಟ್ಟಿ ಸದ್ದು ಕೇಳುತ್ತಿದ್ದಳು. ಆಮೇಲೆ ಸೆರಗು ಸಿಕ್ಕಿಸಿ, ಕೈಗೂ ಮಚ್ಚಿಗೂ ಎಣ್ಣೆ ಸವರಿ, ಒಂದೇ ಹೊಡೆತಕ್ಕೆ ಹಣ್ಣನ್ನು ಉದ್ದಕ್ಕೆ ಸೀಳಿ, ಮೇಣವನ್ನು ಕಡ್ಡಿಗೆ ಸುತ್ತಿ ತೆಗೆದು, ಸುತ್ತ ಕೂತ ಮಕ್ಕಳ ಬಾಯಿಗಳಿಗೆ ಸರದಿಯಂತೆ ತೊಳೆ ಹಾಕುತ್ತಿದ್ದಳು. ಸ್ನಾತಕೋತ್ತರ ಪದವೀಧರನಾದ ನನಗೆ ಆ ಮಹತ್ಕಾರ್ಯದಲ್ಲಿ ದೊರೆಯುತ್ತಿದ್ದ ಹುದ್ದೆಯೆಂದರೆ ನೆಲಕ್ಕೆ ಹಳೆಯ ಪೇಪರು ಹಾಸುವುದು. "ಅದಾದ್ರೂ ನೆಟ್ಟಗೆ ಹಾಸೋ" ಎಂದು ಅಕ್ಕ ಅದರಲ್ಲೂ ತಪ್ಪು ಹುಡುಕುತ್ತಿದ್ದಳು.

ಹೋದ ಕಾರ್ತಿಕದಲ್ಲಿ ಅಕ್ಕ ತೀರಿಕೊಂಡಳು. ಒಂದು ವಾರವೂ ಮಲಗಿಸದ ಜ್ವರ. ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ಅವಳಿಗೆ ನಮ್ಮ ಗುರುತೂ ಸಿಗುತ್ತಿರಲಿಲ್ಲ. ಕೊಟ್ಟ ಹೆಣ್ಣಿನ ಸೂತಕ ತವರಿಗೆ ಮೂರೇ ದಿನ ಎಂದು ಶಾಸ್ತ್ರ ತಿಳಿದವರು ಹೇಳಿದರು. ಶಾಸ್ತ್ರ ಬರೆದವರಿಗೆ ಅಕ್ಕ ಇರಲಿಲ್ಲವೇನೋ. ಸಂಕ್ರಾಂತಿ ಬಂದದ್ದು ಗೊತ್ತಾಗಲಿಲ್ಲ, ಯುಗಾದಿಗೆ ತೋರಣ ಕಟ್ಟಲಿಲ್ಲ. ಮರ ಮಾತ್ರ, ಅದಕ್ಕೆ ಯಾರೂ ಸುದ್ದಿ ಮುಟ್ಟಿಸದಿದ್ದುದರಿಂದ, ಎಂದಿನಂತೆ ಬುಡದಿಂದ ನೆತ್ತಿಯವರೆಗೆ ಕಾಯಿ ಹೊತ್ತು ನಿಂತಿತು.

ಅಮ್ಮ ಎಂದಿನಂತೆಯೇ ಮೊದಲ ಕಾಯಿಯನ್ನು ಕೀಳಿಸಿ ಕೋಣೆಯಲ್ಲಿ ಇಡಿಸಿದರು. ಕೆಲವೇ ದಿನಗಳಲ್ಲಿ ಘಮ ನಡುಮನೆಗೆ ಬಂತು, ಅಡುಗೆಮನೆಗೆ ಬಂತು, ನಾನು ಉತ್ತರಪತ್ರಿಕೆ ತಿದ್ದುವ ಮೇಜಿಗೂ ಬಂತು. ನಾವು ಮೂವರು ದೊಡ್ಡವರು ಮೂಗಿಲ್ಲದವರ ಹಾಗೆ ಓಡಾಡಿದೆವು. ಆ ಹಣ್ಣಿನ ಮಾತೆತ್ತಿದರೆ ಅಕ್ಕನ ಮಾತೆತ್ತಬೇಕು. ಎತ್ತುವ ಧೈರ್ಯ ನನಗಿರಲಿಲ್ಲ. ಚಿರು ಒಂದು ದಿನ "ಅಜ್ಜಿ, ಹಣ್ಣು ಕೊಳೆತು ಹೋಗುತ್ತೆ" ಎಂದ. "ಮಕ್ಳು ಬರ್ಲಿ ಇರು" ಎಂದರು ಅಮ್ಮ.

ಮಕ್ಕಳು ಬರುತ್ತಾರೋ ಇಲ್ಲವೋ, ಅಮ್ಮನನ್ನು ತಿನ್ನುತ್ತಿದ್ದ ಚಿಂತೆ ಅದೇ. ಅಕ್ಕನ ಮಗ ಗಗನ್ ನಾಲ್ಕನೇ ಕ್ಲಾಸು, ಮಗಳು ಮಾನ್ವಿ ಒಂದನೇ ಕ್ಲಾಸು. ಭಾವನಿಗೆ ಇನ್ನೊಂದು ಮದುವೆ ಮಾಡುವ ಮಾತು ಅವರ ಮನೆಯಲ್ಲಿ ಎದ್ದಿದೆ ಎನ್ನುವ ಸುದ್ದಿ ಹೇಗೋ ನಮ್ಮವರೆಗೂ ಬಂದಿತ್ತು. ಆ ರಾತ್ರಿ ಅಮ್ಮ ಊಟದ ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯದೆ, "ತಾಯಿ ಇಲ್ಲದ್ಮೇಲೆ ಆ ಮಕ್ಳಿಗೆ ಇದ್ಯಾವ ತವರಪ್ಪ? ನಾಳೆ ಇನ್ನೊಬ್ಳು ಬಂದ್ರೆ ಅವಳ ತವರೇ ಇವುಕ್ಕೂ ತವರು. ನಮ್ ದಾರಿ ಮುಚ್ಚೋಯ್ತದೆ" ಎಂದರು. ವಾತ್ಸಲ್ಯವೆಂದರೇನು ಎಂದು ತರಗತಿಯಲ್ಲಿ ಗಂಟೆಗಟ್ಟಲೆ ವ್ಯಾಖ್ಯಾನಿಸುವ ನನಗೆ ಉತ್ತರ ಹೊಳೆಯಲಿಲ್ಲ. ಮಾರನೆಯ ದಿನ ಭಾವನಿಗೆ ಫೋನು ಮಾಡಿ, ಹಣ್ಣಾಗಿದೆ ಎಂದಷ್ಟೇ ಹೇಳಿದೆ.

ಭಾವ ಸ್ನೇಹಿತರ ಕಾರಿನಲ್ಲಿ ಮಕ್ಕಳನ್ನು ಕರೆತಂದರು. "ಒಂದೆರಡು ವಾರ ಇರ್ಲಿ ಅಂದವ್ರೆ ನಮ್ಮಮ್ಮ" ಎಂದು, ಕೂರದೆಯೇ ಮಜ್ಜಿಗೆ ಕುಡಿದು ಹೊರಟರು. ಮಾನ್ವಿ ಚಪ್ಪಲಿ ಬಿಟ್ಟವಳೇ ಮೂಟೆಗಳ ಕೋಣೆಗೆ ಓಡಿದಳು. ಗಗನ್ ಜಗಲಿಯ ಮೇಲೇ ಉಳಿದ.

ಆ ಸಂಜೆ ಹಣ್ಣು ಹೆಚ್ಚುವ ಹೊಣೆ ನನ್ನ ಪಾಲಿಗೆ ಬಂತು. ಕೈಗೆ ಎಣ್ಣೆ ಸವರಿಕೊಂಡೆ, ಮಚ್ಚಿಗೆ ಸವರುವುದನ್ನು ಮರೆತೆ. ಮೊದಲ ಏಟಿಗೆ ಮಚ್ಚು ಅರ್ಧಕ್ಕೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಎಳೆದಾಗ ಹಣ್ಣೂ ನಾನೂ ಒಟ್ಟಿಗೆ ಉರುಳಿದೆವು. ಮೇಣ ಅಂಗಿಗೆ, ಅಂಗಿಯಿಂದ ಕೈಗೆ, ಕೈಯಿಂದ ಮೀಸೆಗೆ ದಾಟಿ, ಮೀಸೆಗೆ ಪೇಪರಿನ ಒಂದು ತುಣುಕು ಅಂಟಿ, ಅದರಲ್ಲಿದ್ದ ಸೀರೆ ಅಂಗಡಿಯ ಜಾಹೀರಾತಿನ ಸಮೇತ ನಾನು ಎದ್ದು ನಿಂತಾಗ ಚಿರುವೂ ಮಾನ್ವಿಯೂ ಬಿದ್ದು ಬಿದ್ದು ನಕ್ಕರು. ಗಗನ್ ಬಾಗಿಲಲ್ಲಿ ನಿಂತು ನೋಡಿದ. ನಕ್ಕೇಬಿಡುತ್ತಾನೆ ಎನ್ನುವಾಗ ಮುಖ ತಿರುಗಿಸಿ, "ಅಮ್ಮ ಹಿಂಗೆ ಹೆಚ್ತಿರ್ಲಿಲ್ಲ" ಎಂದು ಹೇಳಿ ಹಿತ್ತಲಿಗೆ ಹೋದ.

ಮೊದಲ ತೊಳೆ ಯಾರಿಗೆ ಕೊಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಅಮ್ಮ ಅದನ್ನೊಂದು ಬಟ್ಟಲಿಗೆ ಹಾಕಿ ಅಕ್ಕನ ಫೋಟೋದ ಮುಂದಿಟ್ಟರು. ನಾವು ಮಿಕ್ಕದ್ದನ್ನು ತಿಂದೆವು. ಹಸಿದು ಹಲಸು, ಉಂಡು ಮಾವು ಎನ್ನುತ್ತಾರೆ; ಅಂದು ನಮಗೆ ಹಸಿವೂ ಇರಲಿಲ್ಲ, ಉಂಡೂ ಇರಲಿಲ್ಲ. ಗಗನ್ ಹಲಸು ತನಗೆ ಸೇರುವುದಿಲ್ಲವೆಂದ. ಹೋದ ವರ್ಷ ಇವನೇ ಹೊಟ್ಟೆನೋವು ಬರುವಷ್ಟು ತಿಂದು ಅಜ್ಜಿಯ ಕೈಯಲ್ಲಿ ಇಂಗಿನ ಮಜ್ಜಿಗೆ ಕುಡಿದಿದ್ದ. ಬೆಳಗ್ಗೆ ನೋಡಿದರೆ ಫೋಟೋದ ಮುಂದಿನ ತೊಳೆ ಮಾಯವಾಗಿತ್ತು. ಬಟ್ಟಲಿನಲ್ಲಿ ಬೀಜ ಮಾತ್ರ ಉಳಿದಿತ್ತು, ಗಗನನ ತುಟಿಯ ಅಂಚಿನಲ್ಲಿ ಮೇಣದ ಕಲೆ ಇತ್ತು. ಅಮ್ಮ ಅವನ ಮುಖಕ್ಕೆ ಎಣ್ಣೆ ಹಚ್ಚಿ ಒರೆಸಿದರು.

ಅಲ್ಲಿಂದ ಮುಂದಕ್ಕೆ ಬೇಸಗೆ ತನ್ನ ಪಾಡಿಗೆ ತಾನು ನಡೆಯಿತು. ಮಕ್ಕಳಿರುವ ಮನೆಯಲ್ಲಿ ದುಃಖಕ್ಕೆ ಕೂರಲು ಜಾಗ ಸಿಗುವುದಿಲ್ಲ. ಫ್ಯಾನಿನ ನೇರ ಕೆಳಗೆ ಯಾರು ಮಲಗಬೇಕೆಂಬ ವಿವಾದ ಇತ್ಯರ್ಥವಾಗುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಪಂಪು ಶುರುವಾದೊಡನೆ ಮೂವರೂ ತೊಟ್ಟಿಗೆ ಇಳಿದು, ತುಟಿ ನೀಲಿಯಾಗುವ ತನಕ ಏಳುತ್ತಿರಲಿಲ್ಲ. ಬೆಟ್ಟದ ತಪ್ಪಲಲ್ಲಿ ರೈಲು ಕೂಗಿದರೆ ಊಟ ಬಿಟ್ಟು ಓಡಿ ಡಬ್ಬಿ ಎಣಿಸುತ್ತಿದ್ದರು, ಮೂವರ ಲೆಕ್ಕ ಒಮ್ಮೆಯೂ ತಾಳೆಯಾಗುತ್ತಿರಲಿಲ್ಲ. ಒಮ್ಮೊಮ್ಮೆ ಮಾನ್ವಿ ಆಟದ ನಡುವೆ "ಅಮ್ಮಾ" ಎಂದು ಕೂಗಿ, ತಾನೇ ತಡೆದು, ಕೂಗಿದ್ದು ಅಜ್ಜಿಯನ್ನೋ ಎಂಬಂತೆ ಅವರತ್ತ ಓಡುತ್ತಿದ್ದಳು. ಅಮ್ಮನೂ ತಮ್ಮನ್ನೇ ಕರೆದಳು ಎಂಬಂತೆ ಓಗೊಡುತ್ತಿದ್ದರು. ಹಲಸಿನ ಬೀಜಗಳನ್ನು ಬೂದಿಯಲ್ಲಿ ಹೊರಳಿಸಿ ಬಿಸಿಲಿಗೆ ಹಾಕುವ ಕೆಲಸವನ್ನು ಮಾನ್ವಿ ಯಾರಿಗೂ ಬಿಟ್ಟುಕೊಡಲಿಲ್ಲ.

ಭಾವ ಕರೆದೊಯ್ಯಲು ಬಂದರು. ಹಿತ್ತಲ ಮರದ ಕೆಳಗೆ ನನ್ನನ್ನು ಕರೆದು, ನೆಲ ನೋಡುತ್ತಾ, "ನಂದಗುಡಿ ಕಡೆ ಒಂದು ಸಂಬಂಧ ನೋಡವ್ರೆ ಕಣಪ್ಪ. ನಂಗೆ ಏನೂ ತೋಚ್ತಾ ಇಲ್ಲ. ಮಕ್ಳು ಸಣ್ಣವು, ನಮ್ಮಮ್ಮಂಗೂ ಕೈಲಾಗಲ್ಲ" ಎಂದರು. ಅವರು ಒಳ್ಳೆಯವರು. ಅಕ್ಕನನ್ನು ಒಂದು ಬಿರುಸು ಮಾತಿನಿಂದಲೂ ನೋಯಿಸಿದವರಲ್ಲ. ಇದರಲ್ಲಿ ಯಾರದೂ ತಪ್ಪಿರಲಿಲ್ಲ. ಬೈಯಲು ಯಾರಾದರೊಬ್ಬರು ಸಿಕ್ಕಿದ್ದರೆ ನನ್ನ ಸಂಕಟ ಅರ್ಧ ಇಳಿಯುತ್ತಿತ್ತು. "ಆಗ್ಲಿ ಭಾವ" ಎಂದೆ. ಮಕ್ಕಳನ್ನು ಇನ್ನು ಮುಂದೆ ಕಳಿಸುತ್ತೀರಾ ಎಂದು ಕೇಳಬೇಕೆಂದಿದ್ದವನು ಕೇಳದೆಯೇ ಅವರೊಂದಿಗೆ ಒಳಗೆ ಹೊರಟೆ.

ನಾವು ನಡುಮನೆಗೆ ಬರುವ ಹೊತ್ತಿಗೆ ಲತಾ ಒಳಗಿನಿಂದ ಮೊರ ಹಿಡಿದು ಬಂದಿದ್ದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ. ನೆಲದ ಮೇಲೆ ಮಣೆಯನ್ನೂ ಹಾಕಿದ್ದಳು. ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸಗೆ ಅಕ್ಕ ಹೊರಡುವಾಗ ಮಡಿಲು ತುಂಬಿ ಕಳಿಸಿದ ಕೈಗಳು, ಕಾರು ಬಾಗಿಲಿಗೆ ಬಂದದ್ದು ಕಂಡೊಡನೆ ತಾವೇ ಎಲ್ಲವನ್ನೂ ಹೊಂದಿಸಿಬಿಟ್ಟಿದ್ದವು. ಖಾಲಿ ಮಣೆಯ ಮುಂದೆ ನಿಂತಾಗಲೇ ಅವಳಿಗೆ ಅರಿವಾಯಿತು. ಭಾವ ಗೋಡೆಯ ಕಡೆ ತಿರುಗಿದರು. ಅಪ್ಪ ಹೋದ ಮೇಲೆ ಮಡಿಲು ತುಂಬುವಾಗ ಎದುರಿಗೆ ಬಾರದ ಅಮ್ಮ ಅಡುಗೆಮನೆಯ ಹೊಸ್ತಿಲಾಚೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡರು.

ಮಾನ್ವಿ ಬಂದು ಮಣೆಯ ಮೇಲೆ ಕೂತಳು. ಯಾರೂ ಹೇಳಿಕೊಡದೆಯೇ ಪೂರ್ವಕ್ಕೆ ಮುಖ ಮಾಡಿದ್ದಳು. ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಒಡ್ಡಿ, "ಹಾಕತ್ತೆ" ಎಂದಳು.

"ನಿಂಗಲ್ಲ ಕಂದ, ಇದು ಮದ್ವೆ ಆದೋರಿಗೆ..." ಎಂದು ಶುರು ಮಾಡಿದ ಲತಾ ಅಡುಗೆಮನೆಯತ್ತ ನೋಡಿದಳು.

"ಹಾಕವ್ವ" ಎಂದರು ಅಮ್ಮ ಒಳಗಿನಿಂದ.

ಲತಾ ಮೊಣಕಾಲೂರಿ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿದಳು, ಬೆಲ್ಲ ಇಟ್ಟಳು, ಕಾಯಿ ಇಟ್ಟಳು. ಕಾಯಿಯ ಭಾರಕ್ಕೆ ಫ್ರಾಕು ಜಗ್ಗಿ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಮಾನ್ವಿ ಅಂಚನ್ನೆಲ್ಲ ಒಂದೇ ಕೈಗೆ ಒಟ್ಟುಮಾಡಿಕೊಂಡು, ಇನ್ನೊಂದು ಕೈಯಿಂದ ಮಡಿಲಿನ ಅಕ್ಕಿಯನ್ನು ಹಿಡಿ ತುಂಬಿಸಿ ಮೊರಕ್ಕೆ ಮರಳಿ ಹಾಕಿದಳು. ಮತ್ತೊಂದು ಹಿಡಿ. ಇನ್ನೊಂದು ಹಿಡಿ. ಹೊರಡುವ ಹೆಣ್ಣುಮಗಳು ತವರನ್ನು ಬರಿದು ಮಾಡಿ ಹೋಗಬಾರದೆಂದು ಅಕ್ಕ ಪ್ರತಿ ವರ್ಷ ಹೀಗೆಯೇ ಹಾಕುತ್ತಿದ್ದಳು. ಪಕ್ಕದಲ್ಲಿ ಕೂತ ಈ ಮಗು ನೋಡುತ್ತಿದ್ದುದನ್ನು ನಾವು ಯಾರೂ ನೋಡಿರಲಿಲ್ಲ. ಕೊನೆಯ ಹಿಡಿ ಹಾಕುವಾಗ, ಅಕ್ಕ ಹೇಳುತ್ತಿದ್ದಂತೆಯೇ ಮೆಲ್ಲಗೆ, ತನಗಷ್ಟೇ ಕೇಳುವಂತೆ, "ತವರು ತಣ್ಣಗಿರ್ಲಿ" ಎಂದಳು.

ಇದು ಯಾವ ತವರಪ್ಪ ಎಂದು ಅಮ್ಮ ಕೇಳಿದ ಪ್ರಶ್ನೆಗೆ ನನಗೆ ಹೊಳೆಯದಿದ್ದ ಉತ್ತರ ಇದು. ನಾನು ಅತ್ತುಬಿಟ್ಟೆ. ಗಂಡಸರು ಹಾಗೆ ಎದುರಿಗೇ ಅಳಬಾರದೆಂದು ಚಿರು ನನ್ನ ಕೈ ಜಗ್ಗಿದ. ಮಾನ್ವಿ ಮಾತ್ರ ಮುಂದಿನ ಕೆಲಸದ ಕಡೆ ಗಮನ ಕೊಟ್ಟು, "ಬೀಜ ಎಲ್ಲಜ್ಜಿ? ಅಮ್ಮ ತಗೊಂಡೋಗ್ತಿತ್ತಲ್ಲ" ಎಂದು ಕೇಳಿದಳು. ಅಮ್ಮ ಹೊಸ್ತಿಲು ದಾಟಿ ಬಂದು, ಒಣಗಿದ ಬೀಜದ ಚೀಲವನ್ನು ತಮ್ಮ ಕೈಯಿಂದಲೇ ಆ ಮಡಿಲಿನ ಮೇಲಿಟ್ಟರು.

ಕಾರು ಹತ್ತುವಾಗ ಭಾವ ನನ್ನ ಕೈ ಹಿಡಿದುಕೊಂಡು, "ಬರೋ ವರ್ಷ ಹಣ್ಣು ಇಟ್ಟಾಗ ಫೋನ್ ಮಾಡಪ್ಪ. ನಾನೇ ಕರ್ಕೊಂಡು ಬರ್ತೀನಿ" ಎಂದರು. ಆ ವೇಳೆಗೆ ಅವರ ಮನೆಯಲ್ಲಿ ಯಾರ ಮಾತು ನಡೆಯುತ್ತದೋ ನನಗೆ ಗೊತ್ತಿಲ್ಲ. ಅವರಿಗೂ ಗೊತ್ತಿಲ್ಲ. ಆದರೂ ಹೇಳಿದರು.

ಅವರು ಹೋದ ಮೇಲೆ ಲತಾ ಮೂಟೆಗಳ ಕೋಣೆ ಗುಡಿಸಿದಳು. ಗೋಣಿಚೀಲ, ಕಂಬಳಿ ಒಗೆಯಲು ಹಾಕಿದಳು. ಹಣ್ಣು ಮುಗಿದು ಎಷ್ಟೋ ದಿನವಾಗಿದ್ದರೂ ಘಮ ಆ ಮೂಲೆಯಲ್ಲೇ ಕೂತಿತ್ತು. ಪ್ರತಿ ವರ್ಷದಂತೆ ಗಾಳಿಯಾಡಲೆಂದು ಅವಳು ಕಿಟಕಿಗೆ ಕೈ ಹಾಕಿದಾಗ, ನಡುಮನೆಯ ನೆಲಕ್ಕೆ ಚೆಲ್ಲಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆರಿಸುತ್ತಾ ಕೂತಿದ್ದ ಅಮ್ಮ ತಲೆಯೆತ್ತಿ, "ಇವತ್ತೊಂದಿನ ಇರ್ಲಿ ಬಿಡವ್ವ, ತೆಗೀಬೇಡ" ಎಂದರು.