ಅಡುಗೆಮನೆಯ ನೆಲದಲ್ಲಿ ಚೆರ್ಕಳದ ದಾರಿ

ಮಗಳಿಗೆ ಆಗ ಏಳು ವರ್ಷ. ಆಟಿಸಂ ಇದೆ, ಜೊತೆಗೆ ಗಮನ ಒಂದು ಕಡೆ ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಾತು ಬಹಳ ಅಪರೂಪ. ವಾರಕ್ಕೊಮ್ಮೆ ಅವಳನ್ನು ನಮ್ಮೂರು ಬೋವಿಕಾನದಿಂದ ಬಸ್ಸಿನಲ್ಲಿ ವಿದ್ಯಾನಗರಕ್ಕೆ ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದೆ.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಆ ಪ್ರಯಾಣವೇ ಕಷ್ಟವಾಯಿತು. ನಡುವೆ ಸಿಗುವ ಚೆರ್ಕಳ ದಾಟಿದೊಡನೆ ಬಸ್ಸು ಹಳೆಯ ರಸ್ತೆ ಬಿಟ್ಟು ಬದಿಗೆ ತಿರುಗುತ್ತಿತ್ತು. ತಿರುಗಿತೋ, ಇವಳು ಕಿರುಚಿ, ಮುಂದಿನ ಸೀಟಿಗೆ ಒದ್ದು, ನನ್ನ ಕೈ ಕಚ್ಚುತ್ತಿದ್ದಳು. ಒಂದು ದಿನ ಮುಂದೆ ಕೂತಿದ್ದ ಹೆಂಗಸಿನ ಜಡೆಯನ್ನೇ ಹಿಡಿದೆಳೆದಳು.

“ಎಂತ ಮಗು ಇದು! ಸ್ವಲ್ಪ ಹೆದರಿಸಿ ಇಡ್ಲಿಕ್ಕೆ ಆಗುದಿಲ್ವಾ?” ಎಂದರು ಅವರು. ಇಳಿಯುವವರೆಗೆ ನಾನು ತಲೆಯೆತ್ತಲಿಲ್ಲ.

ಅದಾದ ಕೆಲವು ದಿನಗಳಿಗೆ, ಮಧ್ಯಾಹ್ನ, ಮಗಳು ಅಡುಗೆಮನೆಯ ನೆಲದ ತುಂಬ ಬಾಟಲಿ ಮುಚ್ಚಳಗಳನ್ನು ಹರಡಿದ್ದಳು. ಗುಡಿಸಲು ಹೊರಟ ನನ್ನನ್ನು ಗಂಡ ತಡೆದರು.

“ನಿಲ್ಲು ಮಾರಾಯ್ತಿ. ಇದು ನಮ್ಮ ಬಸ್ಸಿನ ದಾರಿ ಅಲ್ವಾ?”

ಬಗ್ಗಿ ನೋಡಿದೆ. ಬೋವಿಕಾನದ ಪೇಟೆ, ಒಂದೊಂದು ತಿರುವು, ಚೆರ್ಕಳದ ಕೂಡುರಸ್ತೆ, ಅಲ್ಲಿಂದ ವಿದ್ಯಾನಗರದವರೆಗಿನ ಸಾಲು. ನಾನು ಎಂದೂ ಗಮನಿಸದ ಬಸ್ ಸ್ಟಾಪುಗಳಿಗೂ ಬೆಂಕಿಪೊಟ್ಟಣ ಇಟ್ಟಿದ್ದಳು. ಇವಳಿಗೆ ಗಮನ ನಿಲ್ಲುವುದಿಲ್ಲವಂತೆ! ಇಷ್ಟನ್ನೆಲ್ಲ ಮನಸ್ಸಿನಲ್ಲಿ ಕಟ್ಟಿಕೊಂಡವಳಿಗೆ ಬಸ್ಸು ಥಟ್ಟನೆ ಬೇರೆಡೆ ತಿರುಗಿದರೆ ಹೇಗಾಗಿರಬೇಡ?

ಪಕ್ಕದಲ್ಲಿ ಕೂತು ಕೆಲವು ಮುಚ್ಚಳ ಸರಿಸಿದೆ. “ರಸ್ತೆ ಕೆಲಸ ಉಂಟು ಮಗಾ. ನಾಳೆ ಬಸ್ಸು ಹೀಗೆ ಹೋಗ್ತದೆ.”

ನನ್ನ ಕೈಗೆ ಹೊಡೆದು ಎಲ್ಲವನ್ನೂ ಮೊದಲಿನಂತೆ ಇಟ್ಟಳು. ಮತ್ತೆ ಸರಿಸಿದೆ, ಮತ್ತೆ ಹೊಡೆದಳು. ನಾನು ಎದ್ದು ಬಟ್ಟೆ ಒಗೆಯಲು ಹೋದೆ. ಸಂಜೆ ಬಂದು ನೋಡಿದರೆ ಮುಚ್ಚಳಗಳ ಸಾಲು ಚೆರ್ಕಳದ ಆಚೆ ಬದಿಗೆ ತಿರುಗಿತ್ತು. ಅವಳೇ ಸರಿಸಿದ್ದಳು.

ಮರುದಿನ ಬಸ್ಸು ತಿರುಗುವಾಗ ಉಗುರು ನಾಟುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಳು. ಆದರೆ ಕಿರುಚಲಿಲ್ಲ. ಇಷ್ಟು ಪುಟ್ಟ ಜೀವ ಅಷ್ಟು ದೊಡ್ಡ ಭಯವನ್ನು ತಾನೇ ಹಿಡಿದು ನಿಲ್ಲಿಸುವುದನ್ನು ನೋಡಿದೆ.

ಎಲ್ಲ ಸರಿಹೋಯಿತೆಂದಲ್ಲ. ಹೇಳದೆ ಕೇಳದೆ ದಾರಿ ಬದಲಾದರೆ ಈಗಲೂ ಕಚ್ಚುತ್ತಾಳೆ. ಆಗ ಸುತ್ತ ಕೂತವರಿಗೆ, “ದಾರಿ ಬದಲಾಯ್ತಲ್ಲ, ಅವಳಿಗೆ ಹೆದರಿಕೆ” ಎನ್ನುತ್ತೇನೆ. ಕೆಲವರು ಮುಖ ತಿರುಗಿಸುತ್ತಾರೆ. ಮೊನ್ನೆ ಬ್ಯಾರಿ ಸಮುದಾಯದ ಒಬ್ಬರು ಅಜ್ಜಿ ಎದ್ದು ತಮ್ಮ ಕಿಟಕಿ ಸೀಟು ಬಿಟ್ಟುಕೊಟ್ಟರು.

“ಬಾ ಮಗಳೇ, ಇಲ್ಲಿ ಕೂತು ನೋಡು. ಎಲ್ಲಿಗೆ ಹೋಗ್ತದೆ ಅಂತ ನನಗೂ ಹೇಳು.”