ಅಕ್ರೋಟು ನಾಡಿನಲ್ಲಿ ಉಸಿರು ಕಾಯುವ ಉಲ್ಕಾನ್ ಎಜೆ

ಬೆಳಗಿನ ಐದೂವರೆ. ಜಲಾಲಾಬಾದಿನ ಮಕ್ಕಳ ಕಲಾಭವನದ ಹಿಂದಿನ ನಲ್ಲಿಯ ಬಳಿ ಮೂವತ್ತೊಂದು ಮಕ್ಕಳು ಸಾಲಾಗಿ ನಿಂತಿದ್ದಾರೆ. ಅಕ್ರೋಟು ಸುಲಿಯುವ ಕಾಲ. ಹಸಿ ಸಿಪ್ಪೆಯ ಕಲೆಗೆ ಎಲ್ಲರ ಬೆರಳೂ ಮಸಿ ಕಪ್ಪು. ಉಲ್ಕಾನ್ ಒಂದೊಂದೇ ಕೈ ಹಿಡಿದು, ಸೋಪು ಹಚ್ಚಿ, ಉಗುರಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದಾರೆ.

"ಎಜೆ, ಈ ಕಪ್ಪು ಹೋಗಲ್ಲ. ಚರ್ಮಾನೇ ಕಿತ್ತು ಬರುತ್ತೆ!"

"ಕಪ್ಪು ಇರ್ಲಿ ಬಿಡೋ. ಜಿಡ್ಡು ಹೋಗ್ಬೇಕು. ತಿರುಗ್ಸು ಕೈನ."

ಐವತ್ತೇಳರ ಉಲ್ಕಾನ್ ಊರಿಗೆಲ್ಲ ಎಜೆ, ಅಂದರೆ ಅಕ್ಕ. ಕಾಗದದ ಮೇಲೆ ಅವರ ಕೆಲಸ ಕಲಾಭವನಕ್ಕೆ ಬಂದವರು ಬಿಚ್ಚಿಟ್ಟ ಕೋಟು ಕಾಯುವುದು. ಮಕ್ಕಳ ಉಸಿರು ಕಾಯಿ ಎಂದು ಯಾರೂ ಅವರನ್ನು ನೇಮಿಸಿಲ್ಲ. ಈ ನೃತ್ಯ ತಂಡದಲ್ಲಿ ಒಬ್ಬ ಹುಡುಗನಿಗೆ ಮೊಟ್ಟೆ ಆಗದು. ಹತ್ತು ವರ್ಷದ ಹುಡುಗಿ ಬೆಗಾಯಿಂಗೆ ಅಕ್ರೋಟಿನ ಚೂರು ಸಾಕು, ಗಂಟಲು ಮುಚ್ಚುತ್ತದೆ. ಕೈ ಕೈ ಹಿಡಿದು ಕುಣಿಯುವ ಕುಣಿತ. ಪಕ್ಕದವಳ ಬೆರಳಿನ ಜಿಡ್ಡು ಇವಳ ಬೆರಳಿಗೆ, ಅಲ್ಲಿಂದ ಬಾಯಿಗೆ. ಅಷ್ಟೇ ದೂರ.

ಎರಡು ವರ್ಷದ ಹಿಂದೆ, ನೂರುಜ್ ಹಬ್ಬಕ್ಕೆ ಹಳ್ಳಿಯೊಂದರಲ್ಲಿ ಕಾರ್ಯಕ್ರಮ. ಕೊಟ್ಟ ರೊಟ್ಟಿಗೆ ಬಾಯಿ ಮುಟ್ಟಿಸದೆ ನಮ್ಮಲ್ಲಿ ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಬೆಗಾಯಿಂ ಬೇಡ ಅಂದಳು. ಮನೆಯ ಹಿರಿಯ ನಕ್ಕ: "ಅಕ್ರೋಟು ಮರದ ಕೆಳಗೆ ಹುಟ್ಟಿದವಳಿಗೆ ಅಕ್ರೋಟು ಆಗಲ್ವಂತೆ! ತಿಂದು ತಿಂದೇ ಸರಿಹೋಗುತ್ತೆ." ಅಕ್ರೋಟಿನ ಪುಡಿಯನ್ನು ಜೇನಿನಲ್ಲಿ ಅಡಗಿಸಿ, ರೊಟ್ಟಿಗೆ ಸವರಿ, ಪ್ರೀತಿಯಿಂದಲೇ ಬಾಯಿಗಿಟ್ಟ. ನಾಲ್ಕು ನಿಮಿಷಕ್ಕೆ ಮಗುವಿನ ತುಟಿ ಊದಿಕೊಂಡಿತು.

ಅಲ್ಲಿ ಮೂವತ್ತು ಜನ ದೊಡ್ಡವರಿದ್ದರು. ಕಣ್ಣು ತಾಗಿದೆ ಅಂದರು. ದೃಷ್ಟಿ ತೆಗೆಯಲು ಅರ್ಚಾ ಮರದ ಕೊಂಬೆ ಹೊತ್ತಿಸಿದರು. ಉಸಿರು ಸಿಗದೆ ಒದ್ದಾಡುವ ಮಗುವಿನ ಮುಖಕ್ಕೆ ಹೊಗೆ ಹಾಕಿದರು! ಹೊಗೆ!

ಅಂದು ಮಕ್ಕಳ ಕೋಟು ಕಾಯಲು ಜೊತೆಗೆ ಹೋಗಿದ್ದ ಉಲ್ಕಾನ್, ಕೋಟುಗಳ ರಾಶಿ ಎಸೆದು ಓಡಿಬಂದು ಮಗುವನ್ನು ಕಿತ್ತುಕೊಂಡು ಹೊರಗೆ ತಂದರು. ಆಸ್ಪತ್ರೆ ನಲವತ್ತು ನಿಮಿಷ ದೂರ. "ದಾರಿಯುದ್ದಕ್ಕೂ ಅವಳ ಎದೆ ಮೇಲೆ ಕೈ ಇಟ್ಕೊಂಡೇ ಇದ್ದೆ," ಎನ್ನುತ್ತಾರೆ. "ಏಳ್ತಿದೆಯಾ, ಏಳ್ತಿದೆಯಾ ಅಂತ."

ಮಗು ಉಳಿಯಿತು. ಮರುವಾರ ಕಲಾಭವನ ಕ್ರಮ ಕೈಗೊಂಡಿತು. ಯಾರ ಮೇಲೆ? ಬೆಗಾಯಿಂಳನ್ನೇ ತಂಡದಿಂದ ತೆಗೆಯಿತು. ಉಲ್ಕಾನ್ ನಿರ್ದೇಶಕರ ಬಾಗಿಲಲ್ಲಿ ಕೂತರು: "ತೆಗೀಬೇಡಿ. ಹೋದಲ್ಲೆಲ್ಲ ನಾನು ಹೋಗ್ತೀನಿ." "ಇನ್ನೊಂದು ಸಲ ಆದ್ರೆ ಇಬ್ಬರೂ ಮನೆಗೆ," ಎಂದು ನಿರ್ದೇಶಕರು ಮಗುವನ್ನು ಮತ್ತೆ ಸೇರಿಸಿಕೊಂಡರು. ಆ ಮಾತು ಇವತ್ತಿಗೂ ತಲೆಯ ಮೇಲೆ ತೂಗುತ್ತಿದೆ. ಉಲ್ಕಾನ್ ಪರಿಚಯದ ನರ್ಸ್ ಹತ್ತಿರ, ಉಸಿರು ಕಟ್ಟಿದಾಗ ಕೊಡುವ ಸೂಜಿ ಚುಚ್ಚಲು ಕಲಿತರು, ಸೀಬೆಹಣ್ಣಿನ ಮೇಲೆ ಚುಚ್ಚಿ ಚುಚ್ಚಿ. ಔಷಧಿಯ ಚೀಲ ಈಗ ಸೊಂಟ ಬಿಡುವುದಿಲ್ಲ.

ಇವತ್ತು ಹತ್ತು ಗಂಟೆಗೆ ತಂಡ ಬೆಟ್ಟದ ಹಳ್ಳಿ ತಲುಪುತ್ತದೆ. ಕುಣಿಯುವ ಅಂಗಳದ ಮನೆಯ ಒಡತಿ ಸೈರಾ ಅಜ್ಜಿ ರೊಟ್ಟಿಯ ತಟ್ಟೆ ಹಿಡಿದು ಬರುತ್ತಾರೆ. ಬೆಗಾಯಿಂ ಕೈಗಳನ್ನು ಬೆನ್ನ ಹಿಂದೆ ಕಟ್ಟುತ್ತಾಳೆ.

"ಯಾಕಮ್ಮಾ? ನಮ್ಮ ರೊಟ್ಟಿಗೆ ಹುಳ ಬಿದ್ದಿದೆಯಾ?" ಅಜ್ಜಿಯ ಹುಬ್ಬು ಗಂಟಾಗುತ್ತದೆ.

ಉಲ್ಕಾನ್ ಮಧ್ಯೆ ಬರುತ್ತಾರೆ. ಕೈಯಲ್ಲಿದ್ದ ಬಿಳಿ ಬಟ್ಟೆಯ ಗಂಟು ಬಿಚ್ಚಿದರೆ ಬೆಗಾಯಿಂಳ ತಾಯಿ ಸುಟ್ಟ ರೊಟ್ಟಿ. "ಅಜ್ಜೀ, ಈ ಮಗು ತನ್ನ ಮನೆ ರೊಟ್ಟಿ ಹೊತ್ತು ಬಂದಿದೆ. ಮೊದಲು ನೀವು ಬಾಯಿ ಮುಟ್ಟಿಸಿ. ಒಲ್ಲೆ ಅಂತೀರಾ?"

ಒಲ್ಲೆ ಅನ್ನುವಂತಿಲ್ಲ, ಎದುರು ಹಿಡಿದ ರೊಟ್ಟಿಗೆ ಬಾಯಿ ಮುಟ್ಟಿಸುವ ನಿಯಮ ಅಜ್ಜಿಗೂ ಒಂದೇ. ಬೆಗಾಯಿಂ ಒಂದು ಚೂರು ಮುರಿದು ಅಜ್ಜಿಯ ಅಂಗೈಗೆ ಮೇಲಿನಿಂದ ಹಾಕುತ್ತಾಳೆ, ಇನ್ನೊಂದು ತಾನು ತಿನ್ನುತ್ತಾಳೆ. ಅಜ್ಜಿ ಅಗಿಯುತ್ತ ಗೊಣಗುತ್ತಾರೆ: "ಅಯ್ಯೋ ಚಾಲಾಕಿ ಹೆಂಗಸೇ! ನನ್ನ ಹೊಸ್ತಿಲಲ್ಲಿ ನನ್ನನ್ನೇ ನೆಂಟಳನ್ನ ಮಾಡಿದ್ಯಲ್ಲೇ. ಉಪ್ಪು ಕಮ್ಮಿ ಆಯ್ತು."

"ಅವರಮ್ಮಂಗೆ ಹೇಳ್ತೀನಿ," ಉಲ್ಕಾನ್ ನಗುತ್ತಾರೆ.

ಎರಡು ವರ್ಷದಲ್ಲಿ ನಲವತ್ತಾರು ಊರು. ಸೂಜಿ ಒಮ್ಮೆಯೂ ಹೊರಬಂದಿಲ್ಲ. ತಂಡಕ್ಕೆ ಬಂದ ಒಂದು ಪ್ರಶಸ್ತಿಪತ್ರದಲ್ಲೂ ಇವರ ಹೆಸರಿಲ್ಲ, ನಮಗೆ ನಾಚಿಕೆಯೂ ಇಲ್ಲ.

ವಾದ್ಯ ಶುರುವಾಗುತ್ತದೆ. ಎಲ್ಲರೂ ಮಕ್ಕಳ ಕಡೆ ತಿರುಗಿದರೆ ಉಲ್ಕಾನ್ ಮಕ್ಕಳಿಗೆ ಬೆನ್ನು ಹಾಕಿ, ತಿಂಡಿ ತಟ್ಟೆಗಳು ಬರುವ ಬಾಗಿಲಿಗೆ ಮುಖ ಮಾಡಿ ನಿಲ್ಲುತ್ತಾರೆ. ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದರೆ ಕಣ್ಣು ಕದಲಿಸದೆ ಹೇಳುತ್ತಾರೆ:

"ಬೆಗಾಯಿಂ ತುಂಬಾ ಚೆನ್ನಾಗಿ ಕುಣೀತಾಳಂತೆ ಕಣಪ್ಪ. ನಾನಿನ್ನೂ ನೋಡಿಲ್ಲ. ಒಂದು ದಿನ ಈ ಬಾಗಿಲಿಗೆ ಯಾರಾದ್ರೂ ನಿಂತ್ಕೊಂಡ್ರೆ, ಕೂತು ನೋಡ್ಬೇಕು."