ಹೊಸ್ತಿಲಿನ ಕಟ್ಟಿಗೆಯ ದೋಣಿ

1995ರಲ್ಲಿ ಎಂಟನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ನಾನು ಬನಹಟ್ಟಿಯ ಪವರ್‌ಲೂಮ್ ಶೆಡ್ಡಿಗೆ ಕೆಲಸಕ್ಕೆ ಸೇರಿದೆ. ನಮ್ಮದು ಚಿಮ್ಮಡದ ಕುರಿ ಕಾಯುವ ಮನೆತನ, ಮಗ್ಗದ ಎಣ್ಣೆಯ ವಾಸನೆ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ನಾನು ಫಿಟ್ಟರ್ ಆದೆ. ಇವತ್ತು ಸುತ್ತಲಿನ ಶೆಡ್ಡುಗಳಲ್ಲಿ ಮಗ್ಗ ಕೆಟ್ಟು ನಿಂತರೆ ಫೋನು ನನಗೇ ಬರುತ್ತದೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಯಂತ್ರ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ನಡೆದರೂ ಒಂದು ಕಾರಣ ಇರುತ್ತದೆ ಎಂದು ನಂಬಿ ಬದುಕಿದವನು ನಾನು. ಯಾರಾದರೂ ದೆವ್ವ, ಗಾಳಿ ಅಂತ ಮಾತು ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ಕೆಲವು ವರ್ಷಗಳ ಹಿಂದೆ ಇದನ್ನೇ ನೀವು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಒಮ್ಮೆ ಫೋನಿನಲ್ಲಿ ರಿಮೋಟಿನಿಂದ ಓಡಿಸುವ ಸಣ್ಣ ರೇಸ್ ದೋಣಿ ನೋಡಿದೆ. ಅದಕ್ಕೆ ಹೈಡ್ರೋಪ್ಲೇನ್ ಅನ್ನುತ್ತಾರೆ. ಬೇರೆ ದೋಣಿಗಳ ಹಾಗೆ ಅದು ನೀರನ್ನು ಸೀಳುವುದಿಲ್ಲ. ಮುಂದೆ ಎರಡು ಬದಿಗೆ ಎರಡು ಪಾದಗಳಿರುತ್ತವೆ. ವೇಗ ಹಿಡಿದೊಡನೆ ಮೈ ಎತ್ತಿ, ಆ ಪಾದಗಳನ್ನೂ ಹಿಂದೆ ತಿರುಗುವ ಪಂಖವನ್ನೂ ಮಾತ್ರ ನೀರಿಗೆ ತಾಗಿಸಿಕೊಂಡು ಜಾರುತ್ತ ಓಡುತ್ತದೆ. ನಿಧಾನ ಹೋಗುವುದಕ್ಕೆ ಅದು ಹುಟ್ಟಿದ್ದೇ ಅಲ್ಲ. ಇದನ್ನು ನಾನೇ ಕಟ್ಟಬೇಕು ಅನ್ನಿಸಿತು.

ಫೋನಿನಲ್ಲೇ ಸಿಕ್ಕ ಅದರ ನಕ್ಷೆಯನ್ನು ಅಳತೆಗೆ ತಕ್ಕ ಹಾಗೆ ದೊಡ್ಡದಾಗಿ ತೆಗೆಸಲು ಫ್ಲೆಕ್ಸ್ ಅಂಗಡಿಯ ಮೆಹಬೂಬನ ಹತ್ತಿರ ಹೋದೆ. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಏನಲೇ, ಎಲೆಕ್ಷನ್ ನಿಂದರತೀಯೇನ? ನಿನ್ನ ಮಾರಿ ಯಾವ ಮೂಲ್ಯಾಗ ಹಾಕ್ಲಿ?” ಅಂದ.

“ಮಾರಿ ಬ್ಯಾಡ, ಗೆರಿ ಅಷ್ಟ ಹಾಕು. ಒಂದು ಗೆರಿ ಸೊಟ್ಟ ಬಂದ್ರ ರೊಕ್ಕ ಕೊಡಾಂವಲ್ಲ,” ಅಂದೆ.

ಆ ಫ್ಲೆಕ್ಸನ್ನು ಶೆಡ್ಡಿನ ನೆಲಕ್ಕೆ ಹಾಸಿ, ಅದರ ಮೇಲೆಯೇ ಒಂದೊಂದು ಅಡ್ಡಪಟ್ಟಿ ಕೊರೆದು ಇಟ್ಟೆ. ಮೈಗೆ ತೆಳುವಾದ ಪ್ಲೈವುಡ್, ಪಾದಗಳ ಒಳಗೆ ಥರ್ಮಾಕೋಲ್. ದೋಣಿ ಮಗುಚಿದರೂ ಮುಳುಗಬಾರದು ಅಂತ ಅದನ್ನು ತುಂಬಲು ನಕ್ಷೆಯಲ್ಲಿಯೇ ಹೇಳಿತ್ತು. ಪಂಖ ತಿರುಗಿಸುವ ಶಾಫ್ಟನ್ನು ಮುಧೋಳದಲ್ಲಿ ಲೇಥಿಗೆ ಕೊಟ್ಟು ಮಾಡಿಸಿದೆ. ಇನ್ನು ಉಳಿದದ್ದು ಮೋಟರು ಕೂರುವ ಎರಡು ತೊಲೆ. ಅವಕ್ಕೆ ಗಟ್ಟಿಯಾದ, ಪೂರ್ತಿ ಒಣಗಿದ ಕಟ್ಟಿಗೆ ಬೇಕು. ಅಂಗಡಿಯ ಕಟ್ಟಿಗೆ ಯಾವುದೂ ನನ್ನ ಮನಸ್ಸಿಗೆ ಬರಲಿಲ್ಲ.

ನನ್ನ ಹೆಂಡತಿ ರೇಣುಕಾಳ ತವರು ಬೀಳಗಿ ತಾಲೂಕಿನ ಒಂದು ಹಳ್ಳಿ. ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಊರವರು ಬಿಟ್ಟು ಬರುವಾಗ ಬಾಗಿಲು, ತೊಲೆ, ಹೊಸ್ತಿಲುಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಮೇಲಿನ ಹೊಸ ಊರಿಗೆ ತಂದರು. ನನ್ನ ಮದುವೆಯಾದದ್ದು ಅದಾದ ಮೇಲೆ. ಆ ಹಳೆಯ ಊರನ್ನು ನಾನು ಕಂಡೇ ಇರಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಿ.

ಮಾವ ಮಾಳಪ್ಪನವರು ತಂದ ಹೊಸ್ತಿಲು ಹೊಸ ಮನೆಯ ಕಬ್ಬಿಣದ ಚೌಕಟ್ಟಿಗೆ ಹೊಂದಲಿಲ್ಲ. ಅಂದಿನಿಂದ ದನದ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಸಾಗವಾನಿ, ಕಬ್ಬಿಣದ ಹಾಗೆ ಗಟ್ಟಿ, ಅರಿಸಿನದ ಹಳದಿ ಇನ್ನೂ ಕಟ್ಟಿಗೆಯೊಳಗೆ ಇಳಿದು ಕೂತಿತ್ತು. ನಾನು ಕೇಳಿದೆ. “ಮನೀನ ನೀರಾಗ ಹೋತು, ಹೊಸ್ತಿಲಾ ಇಟ್ಕೊಂಡು ಏನ್ ಮಾಡ್ಲಿ? ಬೇಕಾದಷ್ಟು ಕೊಯ್ಕೊಂಡು ಹೋಗ್ರಿ,” ಅಂದರು ಮಾವ.

ರೇಣುಕಾಳಿಗೆ ಸರಿಬರಲಿಲ್ಲ. “ದಿನಾ ಪೂಜಿ ಮಾಡಿದ್ದರಿ ಅದು. ಹೊಸ್ತಿಲಾ ಯಾರರ ಕೊರೀತಾರೇನು?”

“ಕಟ್ಟಿಗಿ ಕಟ್ಟಿಗೀನ ಬಿಡ,” ಅಂದೆ.

“ನಿಮ್ಮ ಮಗ್ಗಕ್ಕ ಹಬ್ಬದಾಗ ಕುಂಕುಮ ಹಚ್ಚತೀರಲ್ಲ, ಅದೂ ಕಬ್ಬಿಣಾನ ಐತಿ,” ಅಂದು ಒಳಗೆ ಹೋದಳು. ಆದರೂ ಎರಡು ತೊಲೆಗೆ ಬೇಕಾದಷ್ಟನ್ನು ಕೊರೆದುಕೊಂಡೆ.

ದೀಪಾವಳಿಗೆ ಮಾವನ ಊರಿಗೆ ಹೋದಾಗ ದೋಣಿಯನ್ನೂ ಒಯ್ದೆ. ಹಿನ್ನೀರು ತುಂಬಿತ್ತು. ಹಳೆಯ ಊರಿಗೆ ಹೋಗುತ್ತಿದ್ದ ಡಾಂಬರು ರಸ್ತೆ ಇಳಿದು ಹಾಗೆಯೇ ನೀರೊಳಗೆ ಹೋಗುತ್ತದೆ. ದೋಣಿ ಬಿಡಲು ಹೇಳಿ ಮಾಡಿಸಿದಂಥ ಜಾಗ. ಸೂರ್ಯ ಮುಳುಗುವ ಹೊತ್ತಿಗೆ ಗಾಳಿ ನಿಂತು ನೀರು ಸಮನಾಯಿತು. ಮಾವ, ರೇಣುಕಾ, ನಾನು ಮೂವರೇ ಇದ್ದೆವು. ನನ್ನ ಕಿತ್ತಳೆ ಬಣ್ಣದ ದೋಣಿ ಮೊದಲ ಎರಡು ಸುತ್ತು ಓಡಿದ ಪರಿಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ನೀರು ಮುಟ್ಟಿತೋ ಇಲ್ಲವೋ ಅನ್ನುವ ಹಾಗೆ ಹಾರಿತು. ಮಾವ ಚಪ್ಪಾಳೆ ತಟ್ಟಿದರು.

ಮೂರನೇ ಸುತ್ತಿನಲ್ಲಿ ಅದು ನನ್ನ ಕೈಗೆ ಸಿಗಲಿಲ್ಲ. ವೇಗ ಇಳಿಯಿತು. ಇಳಿದು, ಮನುಷ್ಯ ನಡೆಯುವಷ್ಟು ನಿಧಾನವಾಗಿ, ರಸ್ತೆ ಹೋದ ದಿಕ್ಕಿಗೇ ಹೊರಟಿತು. ಬಲಕ್ಕೆ ತಿರುಗಿಸಿದೆ, ತಿರುಗಲಿಲ್ಲ. ಸಿಗ್ನಲ್ ತಪ್ಪಿದರೆ ಮೋಟರು ತಾನಾಗಿ ನಿಲ್ಲಬೇಕು, ಹಾಗೆಂದೇ ಜೋಡಿಸಿದ್ದೆ. ರಿಮೋಟನ್ನೇ ಬಂದ್ ಮಾಡಿದೆ. ಮೋಟರಿನ ಸಣ್ಣ ಸದ್ದು ನೀರಿನ ಮೇಲಿಂದ ಕೇಳುತ್ತಲೇ ಇತ್ತು.

ಆಗ ಮಾವ ಮೆಲ್ಲಗೆ ಅಂದರು, “ಈಗ ಎಡಕ್ಕ ಹೊಳ್ಳತೈತಿ ನೋಡ್ರಿ.”

ದೋಣಿ ಎಡಕ್ಕೆ ತಿರುಗಿತು.

“ಅಲ್ಲಿ ಬೀರಪ್ಪನ ಗುಡಿ. ಬಲಕ್ಕ ಬಿಟ್ಕೊಂಡು ಒಂದ ಸುತ್ತ ಹಾಕತೈತಿ.”

ಬರೀ ನೀರಿನ ಸುತ್ತ ಅದು ಒಂದು ಪ್ರದಕ್ಷಿಣೆ ಹಾಕಿತು. ನಾನು ರೇಣುಕಾಳ ಮುಖ ನೋಡಿದೆ. ಆ ಊರಲ್ಲಿ ಹುಟ್ಟಿ ಬೆಳೆದವಳು ಅವಳು. “ಅಪ್ಪಾ, ನೀ ಸುಮ್ಕಿರು,” ಅಂದಳು.

ದೋಣಿ ಸ್ವಲ್ಪ ದೂರ ಹೋಗಿ ಒಂದು ಕಡೆ ನಿಂತಿತು. ತೇಲುವ ವಸ್ತು ನಿಂತರೂ ಅಲುಗುತ್ತದೆ. ಅದು ಅಲುಗಲಿಲ್ಲ.

“ಮನಿ ಬಂತು. ಬಾಗಲಾ ತಗದೈತಿ,” ಅಂದರು ಮಾವ.

ನನ್ನ ಕಣ್ಣು ದೋಣಿಯ ಮೇಲೆಯೇ ಇತ್ತು. ರೇಣುಕಾ “ರೀ, ಅಪ್ಪ” ಅಂದಾಗ ತಿರುಗಿದೆ. ನೀರಿನ ಅಂಚಿನಲ್ಲಿ ಮಾವನ ಚಪ್ಪಲಿಗಳಿದ್ದವು. ಮನೆಯ ಮುಂದೆ ಬಿಡುತ್ತೇವಲ್ಲ, ಹಾಗೆ, ಜೋಡಿಸಿ. ಮಾವ ಆ ರಸ್ತೆಯ ಮೇಲೆಯೇ ನೀರಿನಲ್ಲಿ ನಡೆದುಕೊಂಡು ಹೋಗುತ್ತಿದ್ದರು. ಆಗಲೇ ಎದೆಯವರೆಗೆ ನೀರು. ರಿಮೋಟ್ ಬಿಸಾಕಿ ಓಡಿದೆ. ತೋಳು ಹಿಡಿದು ಜಗ್ಗಿದರೆ ಆ ಬಡಕಲು ಮುದುಕ ಹೂತ ಕಂಬದ ಹಾಗೆ ಕದಲಲಿಲ್ಲ. ತಿರುಗಿ ನನ್ನನ್ನು ನೋಡಿ, ಬೀಗರು ಬಂದಾಗ ನಗುವ ಹಾಗೆ ನಕ್ಕರು.

“ಒಳಗ ಬರ್ರಿ, ಅಳಿಯಂದಿರ. ಹೊರಗ್ಯಾಕ ನಿಂತೀರಿ?”

ಹೇಗೆ ಎಳೆದು ತಂದೆನೋ ಗೊತ್ತಿಲ್ಲ. ರೇಣುಕಾಳೂ ಇಳಿದು ಬಂದು ಜಗ್ಗಿದಳು. ದಂಡೆಗೆ ಬಂದು ತಿರುಗಿ ನೋಡಿದಾಗ ದೋಣಿ ಇರಲಿಲ್ಲ. ಮೋಟರಿನ ಸದ್ದು ಯಾವಾಗ ನಿಂತಿತೋ ನಾವಿಬ್ಬರೂ ಗಮನಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಚಹಾ ಕುಡಿಯುತ್ತ, “ದೋಣಿ ಛಲೋ ಓಡಿತೇನ್ರಿ?” ಅಂತ ಕೇಳಿದರು. ತಮಾಷೆಗೆ ಕೇಳಿದ್ದಲ್ಲ. ತಾವೂ ನಮ್ಮ ಜೊತೆ ನೀರಿನ ಹತ್ತಿರ ಬಂದದ್ದೇ ಅವರಿಗೆ ನೆನಪಿರಲಿಲ್ಲ.

ಮೀನು ಹಿಡಿಯುವವರ ತೆಪ್ಪದಲ್ಲಿ ಹೋಗಿ ಹುಡುಕಿದೆ, ಸಿಗಲಿಲ್ಲ. ಬೇಸಿಗೆಯಲ್ಲಿ ನೀರು ಸರಿದಾಗ ಮಾವನಿಗೆ ಹೇಳದೆ ರೇಣುಕಾಳನ್ನು ಕರೆದುಕೊಂಡು ಕೆಸರಿನ ಮೇಲೆ ನಡೆದೆ. ಅವಳು ರಸ್ತೆ ಬಿಟ್ಟು ಎಡಕ್ಕೆ ಹೊರಳಿದಳು. ಗುಡಿಯ ಕಲ್ಲುಗಳನ್ನು ಬಲಕ್ಕೆ ಬಿಟ್ಟುಕೊಂಡು ಸುತ್ತು ಹಾಕಿದಳು. ಒಂದು ಕಲ್ಲಿನ ಕಟ್ಟೆಯ ಮುಂದೆ ನಿಂತು, “ಇದ ನಮ್ಮ ಮನಿ,” ಅಂದಳು. ಹೊಸ್ತಿಲಿದ್ದ ಜಾಗದಲ್ಲಿ ಕೆಸರು ತುಂಬಿತ್ತು. ಕೈ ಹಾಕಿ ನೋಡು ಅಂತ ಮನಸ್ಸು ಹೇಳಿತು. ಹಾಕಲಿಲ್ಲ.

ಸರ್ಕಿಟ್ಟಿಗೆ ನೀರು ಹೊಕ್ಕಿತ್ತು, ಅದಕ್ಕೇ ಮೋಟರು ನಿಲ್ಲಲಿಲ್ಲ ಅಂತ ಮೆಹಬೂಬ ಹೇಳುತ್ತಾನೆ. ಇರಬಹುದು. ತಿರುವುಗಳು ಮಾವನಿಗೆ ಮೊದಲೇ ಹೇಗೆ ಗೊತ್ತಾದವು, ಥರ್ಮಾಕೋಲ್ ತುಂಬಿದ ದೋಣಿ ಹೇಗೆ ಮುಳುಗಿತು ಅಂದರೆ ಅವನು ಕಂಪ್ಯೂಟರಿನ ಕಡೆ ತಿರುಗಿಬಿಡುತ್ತಾನೆ. ಎಷ್ಟೋ ಸಲ ಆ ನಕ್ಷೆ ಹಾಸಿ ಕೂತು ನೋಡಿದ್ದೇನೆ. ಕಟ್ಟಿದ್ದರಲ್ಲಿ ತಪ್ಪು ಕಾಣುವುದಿಲ್ಲ.

ಹೊಸ ಊರಿನಲ್ಲಿ ತನ್ನ ಅಣ್ಣನ ಜೊತೆ ಇದ್ದ ಅಪ್ಪನನ್ನು ರೇಣುಕಾ ಬನಹಟ್ಟಿಗೆ ಕರೆತಂದಳು. ನೀರಿನ ಹತ್ತಿರ ಬಿಡಲು ಅವಳಿಗೆ ಧೈರ್ಯವಾಗಲಿಲ್ಲ. ಬಾಗಿಲ ಮುಂದೆ ಚಪ್ಪಲಿ ಕಂಡರೆ ಮಾವ ಒಳಗಿದ್ದಾರೆ ಅಂತ ಉಳಿದವರು ತಿಳಿಯುತ್ತಾರೆ. ನಾನು ಒಳಗೆ ಹೋಗಿ ಅವರನ್ನು ಕಣ್ಣಾರೆ ನೋಡಿಯೇ ಕೈಕಾಲು ತೊಳೆಯುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಸ್ವಂತ ಮಗ್ಗ ನಾಲ್ಕು, ಫ್ಲೆಕ್ಸಿನ ನಕ್ಷೆ ಒಂದು, ರಿಮೋಟ್ ಒಂದು, ಕೊರೆದು ಉಳಿದ ಹೊಸ್ತಿಲು ಒಂದು. ದೋಣಿ ಇಲ್ಲ. ಬಾಗಿಲ ಮುಂದೆ ಮಾವನ ಚಪ್ಪಲಿ ಒಂದು ಜೊತೆ.